ಒಂದೇ ಬೆಲ್, ಎರಡು ಕೋಣೆ: ಶಾಲೆಯಲ್ಲಿ ಧರ್ಮದ ಪಾಠ



ನಮ್ಮ ಕನ್ನಡ ಕಾರ್ಯಕ್ರಮಕ್ಕೆ ಬರುವ ಪತ್ರಗಳಲ್ಲಿ ಹೆಚ್ಚಿನವು ಹಾಡಿನ ಕೋರಿಕೆ, ಹುಟ್ಟುಹಬ್ಬದ ಶುಭಾಶಯ, ಊರಿನ ಯಕ್ಷಗಾನ ಮೇಳ ಮುಂಬಯಿಗೆ ಬರುವ ಸುದ್ದಿ. ಈ ಸಲ ಸಾಂತಾಕ್ರೂಜ್ ಪೂರ್ವದ ವಕೋಲಾದಿಂದ ಒಬ್ಬ ತಾಯಿ ಬರೆದ ಪತ್ರ ಬೇರೆ ತರಹದ್ದು. ಅವರ ಮಗಳು ಕಾನ್ವೆಂಟ್ ಶಾಲೆಯೊಂದರಲ್ಲಿ ಎಂಟನೇ ತರಗತಿ. ವಾರಕ್ಕೆ ಎರಡು ಸಲ ಬೆಲ್ ಹೊಡೆದೊಡನೆ ತರಗತಿ ಎರಡಾಗುತ್ತದೆ. ಕ್ಯಾಥೊಲಿಕ್ ಮಕ್ಕಳು ಎದ್ದು ಕ್ಯಾಟೆಕಿಸಂಗೆ ಇನ್ನೊಂದು ಕೋಣೆಗೆ ಹೋಗುತ್ತಾರೆ. ಉಳಿದವರಿಗೆ ಕೂತಲ್ಲೇ ಮೋರಲ್ ಸೈನ್ಸ್. ಪಕ್ಕದಲ್ಲಿ ಕೂರುವ ಗೆಳತಿ ಮಂಗಳೂರು ಕಡೆಯವಳು, ಮನೆಯಲ್ಲಿ ಕೊಂಕಣಿ. ಇಬ್ಬರೂ ಕೂಡಿದರೆ ತುಳು, ಕನ್ನಡ, ಹಿಂದಿ ಮೂರರ ಬೆರಕೆ. ಒಂದು ದಿನ ಮಗಳು ಕೇಳಿದಳಂತೆ: "ಅಮ್ಮ, ಅವಳಿಗೆ ಅಲ್ಲಿ ಏನು ಕಲಿಸ್ತಾರೆ? ಕೇಳಿದರೆ ಅದು ನಮಗೆ ಮಾತ್ರ ಅಂತಾಳೆ. ನಮಗಾದರೆ ಸುಳ್ಳು ಹೇಳಬೇಡಿ, ಕಸ ಎಸೆಯಬೇಡಿ, ಅಷ್ಟೇ. ನಮ್ಮದು ಯಾಕೆ ಯಾರೂ ಕಲಿಸಲ್ಲ?"

ತಾಯಿ ನಮ್ಮನ್ನು ಕೇಳಿದ್ದು ಎರಡೇ ಮಾತು. ಶಾಲೆ ಹೀಗೆ ಮಾಡುವುದು ಸರಿಯೇ? ಮಗಳಿಗೆ ಏನು ಹೇಳಲಿ?

ರೇಡಿಯೋದಲ್ಲಿ ಎರಡು ನಿಮಿಷದಲ್ಲಿ ಹೇಳಿ ಮುಗಿಸುವ ವಿಷಯ ಇದಲ್ಲ. ಹಾಗಾಗಿ ಈ ಸಂಚಿಕೆಯಲ್ಲಿ ಸ್ವಲ್ಪ ವಿಸ್ತಾರವಾಗಿ ಬರೆಯುತ್ತಿದ್ದೇವೆ.

ಈ ಪ್ರಶ್ನೆ ಸಾಂತಾಕ್ರೂಜ್‌ನಿಂದ ಬಂದದ್ದರಲ್ಲಿ ಆಶ್ಚರ್ಯವಿಲ್ಲ. ಸಾಂತಾಕ್ರೂಜ್ ಎಂದರೆ ಪೋರ್ಚುಗೀಸ್ ಭಾಷೆಯಲ್ಲಿ ಪವಿತ್ರ ಶಿಲುಬೆ. ಸ್ಟೇಷನ್ನಿನ ಬೋರ್ಡಿನಲ್ಲೇ ಒಂದು ಧರ್ಮ ಇದೆ, ನಾವು ಟಿಕೆಟ್ ಕೇಳುವಾಗ ಅದನ್ನು ನೆನೆಯುವುದಿಲ್ಲ. ಕಲೀನಾ, ವಕೋಲಾಗಳಲ್ಲಿ ಈಸ್ಟ್ ಇಂಡಿಯನ್ ಕ್ರೈಸ್ತರ ಹಳೆಯ ಗಾಂವಠಾಣಗಳಿವೆ, ಚರ್ಚುಗಳಿವೆ. ಪಶ್ಚಿಮಕ್ಕೆ ದಾಟಿದರೆ ಆರ್ಯ ಸಮಾಜ ಇದೆ, ಅವರದೇ ಶಾಲೆಗಳೂ ಇವೆ. ಪೂರ್ವದ ಪ್ರಭಾತ್ ಕಾಲೊನಿಯಲ್ಲಿ ಪೇಜಾವರ ಮಠ, ಇನ್ನೊಂದು ಕಡೆ ಬಿಲ್ಲವರ ಎಸೋಸಿಯೇಶನ್‌ನ ಬಿಲ್ಲವ ಭವನ, ಅಲ್ಲಿ ನಾರಾಯಣ ಗುರುಗಳ ಹೆಸರು. ಈ ಎಲ್ಲ ಮನೆಗಳ ಮಕ್ಕಳು, ಜೊತೆಗೆ ಮುಸ್ಲಿಂ, ಬೌದ್ಧ, ಜೈನ, ಸಿಖ್ ಮನೆಗಳ ಮಕ್ಕಳು ಬೆಳಿಗ್ಗೆ ಒಂದೇ ರಿಕ್ಷಾದಲ್ಲಿ ಬ್ಯಾಗು ನೇತುಹಾಕಿಕೊಂಡು ಒಂದೇ ಶಾಲೆಗೆ ಹೋಗುತ್ತಾರೆ. ಆ ಎರಡು ಪೀರಿಯಡ್ ಮಾತ್ರ ಬೇರೆ.

ಮೊದಲು ಕಾನೂನಿನ ಮಾತು ಮುಗಿಸೋಣ. ಅದು ನಾವಂದುಕೊಂಡಷ್ಟು ಕಷ್ಟದ್ದಲ್ಲ.

ನಮ್ಮ ಸಂವಿಧಾನದ 28ನೇ ವಿಧಿ ಈ ವಿಷಯಕ್ಕೆಂದೇ ಇದೆ. ಪೂರ್ತಿಯಾಗಿ ಸರ್ಕಾರದ ಹಣದಿಂದ ನಡೆಯುವ ಶಾಲೆಯಲ್ಲಿ ಧರ್ಮಬೋಧೆ ಕೂಡದು. ನಗರಪಾಲಿಕೆಯ ಶಾಲೆಗಳು ಈ ಸಾಲಿಗೆ ಬರುತ್ತವೆ. ದಾನಿಗಳ ಟ್ರಸ್ಟಿನಿಂದ ಧರ್ಮಬೋಧೆಗೆಂದೇ ಹುಟ್ಟಿ, ಈಗ ಸರ್ಕಾರ ನೋಡಿಕೊಳ್ಳುವ ಶಾಲೆಗಳಿಗೆ ಒಂದು ವಿನಾಯಿತಿ ಇದೆ, ಅದು ನಮಗಿಲ್ಲಿ ಮುಖ್ಯವಲ್ಲ. ಮುಖ್ಯವಾದದ್ದು ಮೂರನೆಯ ಭಾಗ. ಸರ್ಕಾರದ ಮಾನ್ಯತೆ ಇರುವ ಅಥವಾ ಅನುದಾನ ಪಡೆಯುವ ಯಾವುದೇ ಶಾಲೆ ಧರ್ಮಬೋಧೆ ನಡೆಸಬಹುದು, ಪ್ರಾರ್ಥನೆ ನಡೆಸಬಹುದು. ಆದರೆ ಯಾವ ವಿದ್ಯಾರ್ಥಿಯನ್ನೂ ಅದರಲ್ಲಿ ಭಾಗವಹಿಸೆಂದು ಒತ್ತಾಯಿಸುವ ಹಾಗಿಲ್ಲ. ಮಗು ಚಿಕ್ಕದಿದ್ದರೆ ಹೆತ್ತವರ ಒಪ್ಪಿಗೆ ಬೇಕೇ ಬೇಕು. ಕ್ರೈಸ್ತರ ಶಾಲೆಗೆ ಇದು ಎಷ್ಟು ಅನ್ವಯವೋ ಆರ್ಯ ಸಮಾಜದ ಶಾಲೆಗೆ, ಮಠದ ಶಾಲೆಗೆ, ಮುಸ್ಲಿಂ ಟ್ರಸ್ಟಿನ ಶಾಲೆಗೆ ಅಷ್ಟೇ ಅನ್ವಯ. ಅಲ್ಪಸಂಖ್ಯಾತರಿಗೆ ತಮ್ಮ ಶಾಲೆ ನಡೆಸುವ ಹಕ್ಕನ್ನು 30ನೇ ವಿಧಿ ಕೊಟ್ಟಿದೆ. ಬೇರೆ ಮಗುವಿನ ಮೇಲೆ ತಮ್ಮ ಪ್ರಾರ್ಥನೆ ಹೇರುವ ಹಕ್ಕನ್ನು ಅದು ಕೊಟ್ಟಿಲ್ಲ.

ಹೀಗೆ ನೋಡಿದರೆ ವಕೋಲಾದ ಆ ಶಾಲೆ ಕಾನೂನಿನ ಒಳಗೇ ಇದೆ. ತನ್ನ ಮಕ್ಕಳಿಗೆ ಮಾತ್ರ ಕ್ಯಾಟೆಕಿಸಂ, ಉಳಿದವರನ್ನು ಬಿಟ್ಟಿದೆ. ಮುಂಬಯಿಯ ಕ್ಯಾಥೊಲಿಕ್ ಶಾಲೆಗಳಲ್ಲಿ ಇದು ಬಹಳ ಹಳೆಯ ರೂಢಿ. ಒತ್ತಾಯ ಮಾಡಬಾರದೆಂಬ ಎಚ್ಚರದಿಂದಲೇ ಹುಟ್ಟಿದ ರೂಢಿ ಇದು, ಅದನ್ನು ನಾವು ಒಪ್ಪಬೇಕು. ಕ್ಯಾಟೆಕಿಸಂ ಎಂದರೆ ಮತಾಂತರದ ಪಾಠ ಎಂದು ಬಗೆಯುವವರು ನಮ್ಮಲ್ಲೂ ಇದ್ದಾರೆ. ಅದು ಕ್ಯಾಥೊಲಿಕ್ ಮನೆಯಲ್ಲಿ ಹುಟ್ಟಿದ ಮಗುವಿಗೆ ಅದರದೇ ಪ್ರಾರ್ಥನೆ, ಸಂಸ್ಕಾರ, ಬೈಬಲ್ಲಿನ ಕತೆಗಳನ್ನು ಹೇಳಿಕೊಡುವ ತರಗತಿ. ನಮ್ಮ ಮನೆಗಳಲ್ಲಿ ಅಜ್ಜಿ ಸಂಜೆ ದೀಪ ಹಚ್ಚಿ ಹೇಳಿಕೊಡುತ್ತಿದ್ದದ್ದನ್ನು ಅಲ್ಲಿ ಟೀಚರ್ ಹೇಳಿಕೊಡುತ್ತಾರೆ.

ಮಗಳ ಇನ್ನೊಂದು ಪ್ರಶ್ನೆ ಕಾನೂನಿಗಿಂತ ಆಳದ್ದು. ಅದಕ್ಕೆ 1948ರ ಡಿಸೆಂಬರ್‌ಗೆ ಹೋಗಬೇಕು.

ಸಂವಿಧಾನ ಸಭೆಯಲ್ಲಿ ಈ ವಿಧಿಯ ಚರ್ಚೆ ನಡೆದಾಗ ಉತ್ತರ ಕೊಟ್ಟವರು ಡಾ. ಬಾಬಾಸಾಹೇಬ್ ಅಂಬೇಡ್ಕರ್. ಸರ್ಕಾರಿ ಶಾಲೆಯಲ್ಲಿ ಧರ್ಮಬೋಧೆ ಯಾಕೆ ಬೇಡ ಎಂಬುದಕ್ಕೆ ಅವರು ಕೊಟ್ಟ ಕಾರಣಗಳು ತೀರಾ ವ್ಯಾವಹಾರಿಕ. ಎಲ್ಲರ ತೆರಿಗೆ ಹಣವನ್ನು ಒಂದು ಧರ್ಮಕ್ಕೆ ಬಳಸುವ ಹಾಗಿಲ್ಲ. ಒಂದೊಂದು ಊರಲ್ಲೂ ಇಷ್ಟು ಪಂಥಗಳಿರುವಾಗ ಎಲ್ಲರಿಗೂ ಬೇರೆ ಬೇರೆ ಬೋಧೆ ಏರ್ಪಡಿಸುವುದು ಆಗದ ಕೆಲಸ. ಅಲ್ಲದೆ ತನ್ನ ದಾರಿಯೊಂದೇ ಸರಿ ಎನ್ನುವ ಧರ್ಮಗಳ ಜಗಳವನ್ನು ಶಾಲೆಯೊಳಗೆ ತಂದರೆ ಶಾಲೆಯ ಶಾಂತಿ ಕೆಡುತ್ತದೆ. ಹಾಗಾದರೆ ಸಂಸ್ಕೃತ ಕಾಲೇಜುಗಳಲ್ಲಿ ಗೀತೆ, ಉಪನಿಷತ್ತು ಓದಿಸುವುದೂ ನಿಲ್ಲಬೇಕೇ ಎಂಬ ಸಂದೇಹ ಸಭೆಯಲ್ಲಿ ಎದ್ದಿತು. ಧರ್ಮಬೋಧೆ ಬೇರೆ, ಧರ್ಮದ ಅಧ್ಯಯನ ಬೇರೆ ಎಂಬುದು ಅಂಬೇಡ್ಕರರ ವಿವರಣೆ. ಇದನ್ನು ನಂಬು ಎಂದು ಕಲಿಸುವುದು ಬೋಧೆ. ಇಂಥವರು ಇದನ್ನು ನಂಬುತ್ತಾರೆ ಎಂದು ತಿಳಿಯುವುದು ಅಧ್ಯಯನ.

ನಾವು ಅರ್ಧ ಮರೆತದ್ದು ಈ ಎರಡನೆಯ ಮಾತನ್ನೇ. ನಂಬು ಎನ್ನುವ ಪಾಠವನ್ನು ಬಿಡುವ ಭರದಲ್ಲಿ ತಿಳಿದುಕೋ ಎನ್ನುವ ಪಾಠವನ್ನೂ ಬಿಟ್ಟೆವು. 1964-66ರ ಕೊಠಾರಿ ಆಯೋಗ ಇದೇ ವ್ಯತ್ಯಾಸವನ್ನು ಎತ್ತಿ ತೋರಿಸಿ, ಎಲ್ಲ ಧರ್ಮಗಳ ಬಗ್ಗೆ ಮಕ್ಕಳಿಗೆ ತಿಳಿಸಬೇಕು ಎಂದಿತು. ಗುರುನಾನಕರ ಜೀವನ ಮತ್ತು ಉಪದೇಶಗಳ ಅಧ್ಯಯನಕ್ಕೆ ವಿಶ್ವವಿದ್ಯಾಲಯದಲ್ಲಿ ಏರ್ಪಾಡು ಮಾಡುವುದು ಧರ್ಮಬೋಧೆಯಲ್ಲ ಎಂದು ಸುಪ್ರೀಂ ಕೋರ್ಟ್ 1971ರಲ್ಲಿ ಪಂಜಾಬಿನ ಪ್ರಕರಣದಲ್ಲಿ ಹೇಳಿತು. 2002ರ ಅರುಣಾ ರಾಯ್ ಪ್ರಕರಣದಲ್ಲಿ ಶಾಲಾ ಪಠ್ಯಕ್ರಮಕ್ಕೂ ಇದೇ ಮಾತನ್ನು ಇನ್ನಷ್ಟು ಸ್ಪಷ್ಟವಾಗಿ ಹೇಳಿತು. ಧರ್ಮಗಳ ಬಗ್ಗೆ ತಿಳಿಸಬಹುದು, ಆದರೆ ಆ ಹೆಸರಿನಲ್ಲಿ ಒಂದು ಧರ್ಮವನ್ನು ಹೇರದಂತೆ ಎಚ್ಚರ ಇರಬೇಕು. ಅಂದರೆ ಬಾಗಿಲು ತೆರೆದೇ ಇದೆ. ಒಳಗೆ ಹೋಗುವ ಧೈರ್ಯ ಶಾಲೆಗಳಿಗಿಲ್ಲ.

ಯಾಕಿಲ್ಲ ಎಂಬುದೂ ಗೊತ್ತಿರುವುದೇ. ಶಾಲೆಯ ಪ್ರಾರ್ಥನೆ ಎಂದರೂ ಕೋರ್ಟಿಗೆ ಹೋಗುವ ಕಾಲ. 1985ರಲ್ಲಿ ಕೇರಳದ ಶಾಲೆಯೊಂದು ಯೆಹೋವನ ಸಾಕ್ಷಿಗಳ ಪಂಥದ ಮೂವರು ಮಕ್ಕಳನ್ನು ಹೊರಗೆ ಹಾಕಿತು. ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ. ಅಷ್ಟೇ ತಪ್ಪು. 1986ರಲ್ಲಿ ಸುಪ್ರೀಂ ಕೋರ್ಟ್ ಅವರನ್ನು ವಾಪಸು ಸೇರಿಸಿಕೊಳ್ಳಲು ಹೇಳಿತು. ನಮ್ಮದೇ ರಾಜ್ಯದಲ್ಲಿ ನಾಸಿಕ್‌ನ ಶಿಕ್ಷಕರೊಬ್ಬರು ಶಾಲೆಯ ಪ್ರಾರ್ಥನೆಯ ಹೊತ್ತಿಗೆ ಕೈ ಮುಗಿಯದ ಕಾರಣಕ್ಕೆ ಮೇಲಿನ ಶ್ರೇಣಿಯ ಸಂಬಳ ಕಳೆದುಕೊಂಡಿದ್ದರು. ಕೈ ಮುಗಿ ಎಂದು ಒತ್ತಾಯಿಸುವಂತಿಲ್ಲ ಎಂದು ಬಾಂಬೆ ಹೈಕೋರ್ಟ್ 2013ರಲ್ಲಿ ತೀರ್ಪು ಕೊಟ್ಟಿತು. 2022ರಲ್ಲಿ ಗುಜರಾತ್ ಸರ್ಕಾರ 6ರಿಂದ 12ನೇ ತರಗತಿಗೆ ಗೀತೆಯ ಪಾಠ ಘೋಷಿಸಿತು. ಅದೇ ವರ್ಷ ಉಡುಪಿಯ ಕಾಲೇಜಿನ ಹಿಜಾಬ್ ವಿಷಯ ದೇಶವೆಲ್ಲ ಸುದ್ದಿಯಾಯಿತು. ಇಷ್ಟೆಲ್ಲ ನೋಡಿದ ಹೆಡ್‌ಮಾಸ್ಟರು "ನಮಗ್ಯಾಕೆ ಉಸಾಬರಿ, ಸುಳ್ಳು ಹೇಳಬೇಡಿ ಎಂದು ಕಲಿಸಿದರೆ ಸಾಕು" ಎಂದುಕೊಂಡರೆ ಅವರನ್ನು ಪೂರ್ತಿ ದೂರುವ ಹಾಗಿಲ್ಲ.

ಆದರೆ ಅದರ ಬೆಲೆ ಏನು? 1992ರ ಡಿಸೆಂಬರ್ ಮತ್ತು 1993ರ ಜನವರಿಯ ಗಲಭೆ ನೋಡಿದ ನಮ್ಮ ಹಿರಿಯ ಕೇಳುಗರನ್ನು ಕೇಳಿ. ಸುಮಾರು 900 ಮಂದಿ ಸತ್ತರು. ಅದರ ನಂತರ ಈ ಶಹರದಲ್ಲಿ ಒಂದು ಬದಲಾವಣೆ ಸದ್ದಿಲ್ಲದೆ ಆಯಿತು. ಬೆರೆತು ಬಾಳುತ್ತಿದ್ದ ಚಾಳುಗಳು ಖಾಲಿಯಾದವು. ಎಷ್ಟೋ ಮುಸ್ಲಿಂ ಮನೆಗಳು ಮುಂಬ್ರಾ, ಮೀರಾ ರೋಡ್ ಕಡೆಗೆ ಹೋದವು. ಸೊಸೈಟಿಗಳಲ್ಲಿ ಇಂಥವರಿಗೆ ಫ್ಲ್ಯಾಟ್ ಇಲ್ಲ ಎಂಬುದು ನಾಚಿಕೆ ಇಲ್ಲದ ಮಾತಾಯಿತು. ಮಕ್ಕಳು ಬೇರೆ ಮನೆಯ ಅಡುಗೆಯ ವಾಸನೆ ಗೊತ್ತಿಲ್ಲದೆ ಬೆಳೆಯತೊಡಗಿದರು. ಹೀಗಿರುವಾಗ ಇಂದಿಗೂ ಬೆರೆತ ಮಕ್ಕಳಿರುವ ಹೈಸ್ಕೂಲು ಎಂದರೆ ದೊಡ್ಡ ಆಸ್ತಿ. ಅಲ್ಲೂ ಧರ್ಮದ ವಿಷಯ ಬಂದೊಡನೆ ಎದ್ದು ಎರಡು ಕೋಣೆಗೆ ಹೋದರೆ, ಹತ್ತನೇ ತರಗತಿ ಮುಗಿಸುವಷ್ಟರಲ್ಲಿ ಮಕ್ಕಳಿಗೆ ಪರಸ್ಪರರ ಬಗ್ಗೆ ಗೊತ್ತಿರುವುದು ಮೊಬೈಲಿನಲ್ಲಿ ಬಂದದ್ದು ಮಾತ್ರ. ಅದು ಎಂಥ ಸರಕು ಎಂದು ನಿಮಗೆ ಹೇಳಬೇಕಾಗಿಲ್ಲ.

ಆ ಗಲಭೆಯ ನಂತರ, 1993ರಲ್ಲಿ, ಇದೇ ಸಾಂತಾಕ್ರೂಜ್ ಪೂರ್ವದಲ್ಲಿ ಸೆಂಟರ್ ಫಾರ್ ಸ್ಟಡಿ ಆಫ್ ಸೊಸೈಟಿ ಅಂಡ್ ಸೆಕ್ಯುಲರಿಸಂ ಎಂಬ ಸಂಸ್ಥೆ ಶುರುವಾಯಿತು. ಶುರುಮಾಡಿದವರು ಅಸ್ಗರ್ ಅಲಿ ಇಂಜಿನಿಯರ್. ಹೆಸರಿಗೆ ತಕ್ಕಂತೆ ನಿಜವಾದ ಇಂಜಿನಿಯರ್, ನಮ್ಮ ನಗರಪಾಲಿಕೆಯಲ್ಲೇ ವರ್ಷಗಟ್ಟಲೆ ಕೆಲಸ ಮಾಡಿದವರು, ಬೋಹ್ರಾ ಸಮುದಾಯದ ಸುಧಾರಕರು. 2004ರಲ್ಲಿ ಆರ್ಯ ಸಮಾಜದ ಸ್ವಾಮಿ ಅಗ್ನಿವೇಶರ ಜೊತೆ ರೈಟ್ ಲೈವ್ಲಿಹುಡ್ ಪ್ರಶಸ್ತಿ ಹಂಚಿಕೊಂಡರು, 2013ರಲ್ಲಿ ತೀರಿಕೊಂಡರು. ಅವರ ಕೆಲಸದ ಒಂದು ದೊಡ್ಡ ಭಾಗ ವಿದ್ಯಾರ್ಥಿಗಳ, ಶಿಕ್ಷಕರ ಕಾರ್ಯಾಗಾರ. ಮಠಕ್ಕೆ ಹೋಗುವ ನಮ್ಮ ಎಷ್ಟೋ ಮಂದಿ ಪ್ರಭಾತ್ ಕಾಲೊನಿಯ ರಸ್ತೆಯಲ್ಲಿ ಅದರ ಬೋರ್ಡು ನೋಡದೆಯೇ ದಾಟಿರುತ್ತಾರೆ.

ಸರಿ, ಪಾಠ ಮಾಡುವುದಾದರೆ ಹೇಗೆ? ಗೋಡೆಗೆ ಓಂ, ಶಿಲುಬೆ, ಚಂದ್ರ, ಖಂಡಾ ಎಲ್ಲ ಒಟ್ಟಿಗೆ ಬರೆದು "ಎಲ್ಲ ಧರ್ಮಗಳೂ ಹೇಳುವುದು ಒಂದೇ" ಎಂದು ಮುಗಿಸುವ ಪದ್ಧತಿ ನಮ್ಮಲ್ಲಿದೆ. ಉದ್ದೇಶ ಒಳ್ಳೆಯದು. ಆದರೆ ಹದಿನಾಲ್ಕು ವರ್ಷದ ಮಗು ಅದನ್ನು ನಂಬುವುದಿಲ್ಲ. ಒಬ್ಬರು ಮೂರ್ತಿ ಪೂಜಿಸುತ್ತಾರೆ, ಇನ್ನೊಬ್ಬರು ಕೂಡದು ಎನ್ನುತ್ತಾರೆ. ಜೈನರೂ ಬೌದ್ಧರೂ ಸೃಷ್ಟಿಕರ್ತನಾದ ದೇವರನ್ನೇ ಹೇಳುವುದಿಲ್ಲ. ಇದೆಲ್ಲ ಮಗುವಿಗೆ ಕಾಣುತ್ತದೆ. ಕಾಣುವುದನ್ನು ಟೀಚರ್ ಇಲ್ಲ ಎಂದರೆ ಟೀಚರ್ ಮೇಲಿನ ನಂಬಿಕೆ ಹೋಗುತ್ತದೆ. ವ್ಯತ್ಯಾಸ ಇದೆ, ಇದ್ದರೂ ಒಂದೇ ಬೆಂಚಿನಲ್ಲಿ ಕೂರಬಹುದು ಎಂದು ತೋರಿಸುವುದೇ ಪಾಠ.

ಉಪವಾಸವನ್ನೇ ತೆಗೆದುಕೊಳ್ಳಿ. ಮಕ್ಕಳಿಂದಲೇ ಮಾಹಿತಿ ತರಿಸಬಹುದಾದ ವಿಷಯ ಇದು. ಮಾಧ್ವರ ಮನೆಯಲ್ಲಿ ಏಕಾದಶಿ ಎಂದರೆ ಹಿರಿಯರು ನೀರೂ ಮುಟ್ಟದವರಿದ್ದಾರೆ. ಪಕ್ಕದ ಮರಾಠಿ ಮನೆಯಲ್ಲಿ ಅದೇ ಏಕಾದಶಿಗೆ ಸಾಬುದಾಣೆ ಖಿಚಡಿ, ಅದು ಮಾಮೂಲಿ ಊಟಕ್ಕಿಂತ ರುಚಿ ಎಂದು ಮಕ್ಕಳೇ ನಗುತ್ತಾರೆ. ರಮ್ಜಾನಿನಲ್ಲಿ ಬೆಳಗಿನ ಜಾವದಿಂದ ಸೂರ್ಯ ಮುಳುಗುವವರೆಗೆ ಹನಿ ನೀರೂ ಇಲ್ಲ. ಕ್ಯಾಥೊಲಿಕರಿಗೆ ಈಸ್ಟರ್‌ಗೆ ಮೊದಲಿನ ತಪಸ್ಸಿನ ಕಾಲದಲ್ಲಿ ಶುಕ್ರವಾರ ಮಾಂಸ ಬಿಡುವುದು, ಬೂದಿ ಬುಧವಾರ ಮತ್ತು ಗುಡ್ ಫ್ರೈಡೇಗೆ ಉಪವಾಸ. ಜೈನರ ಪರ್ಯೂಷಣದಲ್ಲಿ ಕುದಿಸಿ ಆರಿಸಿದ ನೀರು ಮಾತ್ರ, ಅದೂ ಸಂಜೆಯೊಳಗೆ. ಪಾರ್ಸಿಗಳಲ್ಲೂ ಸಿಖ್ಖರಲ್ಲೂ ಉಪವಾಸಕ್ಕೆ ದೊಡ್ಡ ಸ್ಥಾನವೇ ಇಲ್ಲ, ಹಸಿದು ಕೂರುವುದರಲ್ಲಿ ಪುಣ್ಯವಿಲ್ಲ ಎಂಬ ಭಾವ. ಇಷ್ಟನ್ನು ಬೋರ್ಡಿನ ಮೇಲೆ ಬರೆದು, ಯಾಕೆ ಹೀಗೆ ಎಂದು ಕೇಳಿದರೆ ಸಾಕು. ಒಬ್ಬರಿಗೆ ಅದು ವ್ರತ, ಒಬ್ಬರಿಗೆ ಪಶ್ಚಾತ್ತಾಪ, ಒಬ್ಬರಿಗೆ ದೇವರ ಆಜ್ಞೆ, ಒಬ್ಬರಿಗೆ ಕರ್ಮ ಕಳೆಯುವ ದಾರಿ. ಯಾವುದು ಶ್ರೇಷ್ಠ ಎಂಬ ಪ್ರಶ್ನೆ ಪರೀಕ್ಷೆಗೆ ಬರುವುದಿಲ್ಲ ಎಂದು ಟೀಚರ್ ಮೊದಲೇ ಹೇಳಿಬಿಡಬೇಕು.

ಇಲ್ಲಿ ಟೀಚರ್ ಎಡವುವ ಜಾಗ ಒಂದಿದೆ. ತರಗತಿಯಲ್ಲಿ ಒಬ್ಬಳೇ ಮುಸ್ಲಿಂ ಹುಡುಗಿ ಇದ್ದರೆ "ನೀನು ಹೇಳಮ್ಮ, ನಿಮ್ಮಲ್ಲಿ ಏನು ಮಾಡುತ್ತೀರಿ?" ಎಂದು ನಿಲ್ಲಿಸುವುದು. ಪ್ರೀತಿಯಿಂದಲೇ ಕೇಳಿರುತ್ತಾರೆ. ಆದರೆ ಆ ಹುಡುಗಿ ಆ ಕ್ಷಣ ನಮ್ಮ ಮಗಳ ಗೆಳತಿ ಅಲ್ಲ, ಇಡೀ ಧರ್ಮದ ವಕೀಲಳಾಗಿಬಿಡುತ್ತಾಳೆ. ಅವಳ ಮನೆ ಬ್ಯಾರಿಗಳದ್ದೋ, ಕೊಂಕಣಿ ಮುಸ್ಲಿಮರದ್ದೋ, ಬೋಹ್ರಾಗಳದ್ದೋ, ಒಂದೊಂದರ ರೂಢಿ ಒಂದೊಂದು. ಹಿಂದೂಗಳಲ್ಲಿ ಮಾತ್ರ ಏನು, ಲಿಂಗಾಯತ ಮನೆಯ ಇಷ್ಟಲಿಂಗಪೂಜೆಗೂ ಕಾರ್ಕಳದ ಮನೆಯ ಭೂತದ ಕೋಲಕ್ಕೂ ಎಷ್ಟು ಅಂತರ! ಯಾರಾದರೂ ತಾವಾಗಿ ಹೇಳಿದರೆ ಕೇಳಬೇಕು, ಇಲ್ಲವಾದರೆ ಪುಸ್ತಕದಿಂದ ಹೇಳಬೇಕು. ಮಾತಿನ ರೀತಿಯೂ ಮುಖ್ಯ. "ನಾವು ಹೀಗೆ, ಅವರು ಹಾಗೆ" ಎಂದ ಕೂಡಲೇ ಯಾರೋ ಒಬ್ಬರು ತರಗತಿಯ ಹೊರಗೆ ನಿಂತ ಹಾಗಾಯಿತು. "ಕೆಲವು ಮನೆಗಳಲ್ಲಿ ಹೀಗೆ ನಂಬುತ್ತಾರೆ" ಎಂದರೆ ಎಲ್ಲರೂ ಒಳಗೇ ಇರುತ್ತಾರೆ. ದೇವರನ್ನು ನಂಬದ ಮನೆಯ ಮಗುವೂ.

ಇದೆಲ್ಲ ಪುಸ್ತಕದ ಮಾತು, ನಡೆಯುವುದಿಲ್ಲ ಎನ್ನುವವರಿಗೆ ಇಂಗ್ಲೆಂಡಿನ ಉದಾಹರಣೆ ಕೊಡಬಹುದು. ಅಲ್ಲಿ 1944ರ ಕಾಯಿದೆಯಿಂದ ಶಾಲೆಗಳಲ್ಲಿ ಧರ್ಮಪಾಠ ಕಡ್ಡಾಯ. ಬೇಡವಾದರೆ ಹೆತ್ತವರು ಮಗುವನ್ನು ಹೊರಗಿಡಬಹುದು. ಆಗ ಅದು ಹೆಚ್ಚುಕಡಿಮೆ ಬೈಬಲ್ ಪಾಠವೇ. ಪಂಜಾಬು, ಮೀರ್ಪುರ, ಕೆರಿಬಿಯನ್ ಕಡೆಯ ವಲಸಿಗರು ತುಂಬಿದ್ದ ಬರ್ಮಿಂಗ್‌ಹ್ಯಾಂ ನಗರ 1975ರಲ್ಲಿ ಹಲವು ಧರ್ಮಗಳನ್ನು ತಿಳಿಸುವ ಹೊಸ ಪಠ್ಯಕ್ರಮ ತಂದಿತು. ದೊಡ್ಡ ಗಲಾಟೆಯೇ ಆಯಿತು, ಕಮ್ಯುನಿಸಂ ಬಗ್ಗೆಯೂ ಪಾಠ ಇದ್ದದ್ದು ಅದಕ್ಕೆ ಒಂದು ಕಾರಣ. ಆದರೂ ಆ ದಾರಿ ಉಳಿಯಿತು, ದೇಶದ ಬೇರೆ ಕಡೆಗೂ ಹರಡಿತು. ನಮಗೆ ಅದರ ನಕಲು ಬೇಡ. ನಮ್ಮಲ್ಲಿ ಬೇಕಾದಷ್ಟು ಸರಕಿದೆ. ಬಾಂದ್ರಾದ ಮೌಂಟ್ ಮೇರಿ ಜಾತ್ರೆಗೆ ಸೆಪ್ಟೆಂಬರಿನಲ್ಲಿ ಮೇಣದ ಕೈಕಾಲು ಒಪ್ಪಿಸಲು ನಮ್ಮವರೇ ಎಷ್ಟು ಮಂದಿ ಹೋಗುವುದಿಲ್ಲ? ಮಾಹಿಮ್ ದರ್ಗಾದ ಉರುಸಿನಲ್ಲಿ ಮುಂಬಯಿ ಪೊಲೀಸರು ಚಾದರ ಒಪ್ಪಿಸುವ ರೂಢಿ ಯಾಕೆ ಬಂತು? ಶಿಶುನಾಳ ಶರೀಫರು ಬ್ರಾಹ್ಮಣರಾದ ಗೋವಿಂದ ಭಟ್ಟರಲ್ಲಿ ಶಿಷ್ಯರಾದಾಗ ಎರಡೂ ಕಡೆಯ ನೆರೆಹೊರೆಯವರು ಏನೆಂದಿರಬಹುದು? ಶರೀಫರನ್ನು ಭಾವೈಕ್ಯದ ಪದಕ್ಕೆ ಮಾತ್ರ ಬಳಸಿ ಬಿಡುತ್ತೇವೆ, ಅವರು ಪಟ್ಟ ಪಾಡನ್ನು ಕೇಳುವುದಿಲ್ಲ. ಇನ್ನು ನಾರಾಯಣ ಗುರುಗಳು 1924ರಲ್ಲಿ ಆಲುವಾದಲ್ಲಿ ಸರ್ವಮತ ಸಮ್ಮೇಳನ ಕರೆದದ್ದು ವಾದ ಗೆಲ್ಲುವುದಕ್ಕಲ್ಲ, ತಿಳಿಯುವುದಕ್ಕೆ ಮತ್ತು ತಿಳಿಸುವುದಕ್ಕೆ. ಬಿಲ್ಲವ ಭವನಕ್ಕೆ ಮದುವೆ ಊಟಕ್ಕೆ ಹೋಗುವ ಮಕ್ಕಳಿಗೆ ಇದು ಗೊತ್ತಾದರೆ ಒಳ್ಳೆಯದು.

2015ರಲ್ಲಿ ಮೀರಾ ರೋಡಿನ ಆರನೇ ತರಗತಿಯ ಮುಸ್ಲಿಂ ಬಾಲಕಿಯೊಬ್ಬಳು ಇಸ್ಕಾನಿನವರ ಗೀತಾ ಸ್ಪರ್ಧೆಯಲ್ಲಿ ಮೊದಲ ಬಹುಮಾನ ಗೆದ್ದದ್ದು ನೆನಪಿರಬಹುದು. ಪೇಪರುಗಳೆಲ್ಲ ಕೊಂಡಾಡಿದವು. ಖುಷಿಯ ಸುದ್ದಿಯೇ. ಅದರ ಜೊತೆ ಒಂದು ಪ್ರಶ್ನೆಯೂ ಬರಬೇಕಿತ್ತು. ಕುರಾನಿನ ಬಗ್ಗೆ ನಾಲ್ಕು ಪ್ರಶ್ನೆಗೆ ಸರಿಯಾಗಿ ಉತ್ತರಿಸುವ ನಮ್ಮ ಮಕ್ಕಳೆಷ್ಟು?

ಈಗ ವಕೋಲಾದ ತಾಯಿಗೆ. ಮೊದಲು, ಅಡ್ಮಿಷನ್ ಹೊತ್ತಿನಲ್ಲಿ ಸಹಿ ಹಾಕಿದ ಫಾರ್ಮನ್ನು ತೆಗೆದು ಓದಿ. ಪ್ರಾರ್ಥನೆ, ಧರ್ಮಬೋಧೆಗೆ ಒಪ್ಪಿಗೆ ಇದೆ ಎಂಬ ಸಾಲು ಇರಬಹುದು, ನಾವ್ಯಾರೂ ಓದಿರುವುದಿಲ್ಲ. ಕೊಟ್ಟ ಒಪ್ಪಿಗೆ ನಿಮ್ಮ ಮನಸ್ಸಿನದ್ದು, ಬೇಡವಾದರೆ ಬರೆದು ತಿಳಿಸಬಹುದು. ಆಮೇಲೆ ಪೇರೆಂಟ್ಸ್ ಮೀಟಿಂಗಿನಲ್ಲಿ ದೂರಿನ ದನಿಯಲ್ಲಿ ಅಲ್ಲ, ಕೋರಿಕೆಯ ದನಿಯಲ್ಲಿ ಕೇಳಿ. ಕ್ಯಾಟೆಕಿಸಂ ನಿಲ್ಲಿಸಿ ಎನ್ನಬೇಡಿ, ಅದು ಆ ಮಕ್ಕಳ ಹಕ್ಕು. ಅದಕ್ಕೆ ಎದುರಾಗಿ ನಮ್ಮ ಮಕ್ಕಳಿಗೆ ಇನ್ನೊಂದು ಕೋಣೆಯಲ್ಲಿ ಶ್ಲೋಕ ಹೇಳಿಕೊಡಿ ಎಂದೂ ಕೇಳಬೇಡಿ. ಹಾಗೆ ಕೇಳಿದರೆ ಎರಡಿದ್ದ ಕೋಣೆ ನಾಲ್ಕಾಗುತ್ತದೆ. ತಿಂಗಳಿಗೆ ಒಂದು ಪೀರಿಯಡ್ ಎಲ್ಲರೂ ಒಟ್ಟಿಗೆ ಕೂತು ಒಬ್ಬರದನ್ನೊಬ್ಬರು ತಿಳಿಯುವ ಪಾಠ ಆಗಲಿ ಎಂದು ಕೇಳಿ.

ಇಷ್ಟನ್ನು ಅವರಿಗೆ ಪತ್ರದಲ್ಲೇ ಬರೆದಿದ್ದೆವು. ಮೊನ್ನೆ ಉತ್ತರ ಬಂದಿದೆ. ಸಿಸ್ಟರ್ ಬೇಡ ಎನ್ನಲಿಲ್ಲವಂತೆ, ಹೂಂ ಅಂತಲೂ ಪೂರ್ತಿ ಹೇಳಲಿಲ್ಲವಂತೆ. ಕ್ರಿಸ್‌ಮಸ್ ರಜೆಗೆ ಮುಂಚೆ ಒಂದು ಪೀರಿಯಡ್ ನೋಡೋಣ ಎಂದಿದ್ದಾರೆ. ಮಂಗಳೂರಿನ ಗೆಳತಿ ಜಪಮಾಲೆಯ ಬಗ್ಗೆ ಹೇಳಲು ತಾನಾಗಿ ಮುಂದೆ ಬಂದಳಂತೆ. ಇವರ ಮಗಳು ನಾಗರ ಪಂಚಮಿ ಬಗ್ಗೆ ಹೇಳುತ್ತೇನೆ ಎಂದು ಹೆಸರು ಕೊಟ್ಟು ಮನೆಗೆ ಬಂದವಳು, ನಾಗನಿಗೆ ತನು ಎರೆಯುವುದು ಯಾಕೆ ಎಂದು ಕೇಳಿದಳಂತೆ. ತಾಯಿಗೂ ಗೊತ್ತಿರಲಿಲ್ಲ, ತಂದೆಗೂ ಗೊತ್ತಿರಲಿಲ್ಲ. ಕೊನೆಗೆ ಊರಿಗೆ ಅಜ್ಜಿಗೆ ಫೋನ್ ಹೋಯಿತು. ಅರ್ಧ ಗಂಟೆ ಮಾತಾಡಿದರಂತೆ.

ನಿಮ್ಮ ಮಕ್ಕಳ ಶಾಲೆಯಲ್ಲಿ ಆ ಪೀರಿಯಡ್ ಹೇಗೆ ನಡೆಯುತ್ತದೆ, ಬರೆದು ತಿಳಿಸಿ. ಶಿಕ್ಷಕರಾಗಿರುವ ಕೇಳುಗರು ಬರೆದರೆ ಇನ್ನೂ ಸಂತೋಷ. ಶಾಲೆಯ ಹೆಸರು ಬೇಡ, ನಡೆದದ್ದಷ್ಟೇ ಸಾಕು. ಮುಂದಿನ ಪತ್ರೋತ್ತರದಲ್ಲಿ ಓದುತ್ತೇವೆ.